ತಿರುವಿ ಇಟ್ಟ ಗಾಜು

ನಮ್ಮೂರಿನ ರೊಟ್ಟಿ ಅಂಗಡಿಯ ತ್ರಾಂಕಿಲೀನೊಗೆ ಒಂದು ಹಳೆಯ ತಮಾಷೆಯಿತ್ತು. ಹೆಂಗಸಿನ ಕೈಗೆ ಕ್ಯಾಮೆರಾ ಕೊಟ್ಟರೆ ಮದುಮಗನ ಮೀಸೆ ಮದುಮಗಳ ಮೂಗಿನ ಕೆಳಗೆ ಬರುತ್ತದೆ, ಚಿತ್ರವೆಲ್ಲ ಅದಲುಬದಲಾಗುತ್ತದೆ ಎನ್ನುವುದು ಅದರ ಸಾರ. ಬೆಳಿಗ್ಗೆ ರೊಟ್ಟಿಗೆ ಹೋದವರೆಲ್ಲ ಅದನ್ನು ಕೇಳಿ ನಗಬೇಕಿತ್ತು. ನಗದವರಿಗೆ ಅವನು ನಿನ್ನೆಯ ರೊಟ್ಟಿ ಕಟ್ಟಿಕೊಡುತ್ತಿದ್ದ. ನಾನು ಎಷ್ಟೋ ವರ್ಷ ನಿನ್ನೆಯ ರೊಟ್ಟಿಯನ್ನೇ ತಿಂದಿದ್ದೇನೆ.

ತಮಾಷೆಯ ಗುರಿ ನಮ್ಮ ಪಕ್ಕದ ಮನೆಯ ಹೊವೀತಾ. ಅವಳ ಚಿಕ್ಕಪ್ಪ ದೋನ್ ಮೆಲ್ಕೀಯಾದೆಸ್ ನಮ್ಮೂರು ಸಾಂತಾ ರೀತಾದಲ್ಲಿದ್ದ ಒಂದೇ ಒಂದು ಫೋಟೊ ಸ್ಟುಡಿಯೊದ ಯಜಮಾನ. ನಾನು ಕುಕಾ, ದರ್ಜಿ ಕೆಲಸದವಳು, ವಿಧವೆ. ಅವರ ಸ್ಟುಡಿಯೊಗೂ ನನ್ನ ಹೊಲಿಗೆ ಕೋಣೆಗೂ ನಡುವೆ ಒಂದೇ ಗೋಡೆ, ಹಿತ್ತಿಲಲ್ಲಿ ಇಬ್ಬರಿಗೂ ಒಂದೇ ಬಾವಿ. ಹಾಗಾಗಿ ಆ ಮನೆಯ ಕೆಮ್ಮು ಕೂಡ ನನಗೆ ಗೊತ್ತು.

ಅಪ್ಪ ಅಮ್ಮ ಜ್ವರದಲ್ಲಿ ಹೋದ ಮೇಲೆ ಹೊವೀತಾ ಚಿಕ್ಕಪ್ಪನ ಮನೆ ಸೇರಿದಳು. ಮೊದಮೊದಲು ಅವಳಿಗೆ ಕೊಟ್ಟದ್ದು ಫೋಟೊ ಮೂಡಿದ ಗಾಜಿನ ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿ ಶ್ರೀಮಂತ ಹೆಂಗಸರ ಸುಕ್ಕು ಅಳಿಸುವ ಕೆಲಸ. ಆಮೇಲೆ ಮುದುಕನ ಕಣ್ಣಿಗೆ ಪೊರೆ ಬಂತು. ಅಲ್ಲಿಂದ ಮುಂದೆ ಜನರನ್ನು ಕೂರಿಸುವುದು, ಬೆಳಕು ನೋಡಿ ಪರದೆ ಸರಿಸುವುದು, ಪ್ಲೇಟು ತೊಳೆಯುವುದು, ಪ್ರಿಂಟು ತೆಗೆಯುವುದು ಎಲ್ಲವೂ ಅವಳದೇ. ಮುದುಕ ಕ್ಯಾಮೆರಾದ ಪಕ್ಕ ಕೋಟು ಹಾಕಿಕೊಂಡು ನಿಂತು ಲೆನ್ಸಿನ ಮುಚ್ಚಳ ತೆಗೆದು ಹಾಕುತ್ತಿದ್ದ, ಅಷ್ಟೇ. ಅದೂ ಅವಳು ಮೆಲ್ಲಗೆ ಕೆಮ್ಮಿದಾಗ. ಫೋಟೊದ ಕೆಳಗೆ ಬೀಳುತ್ತಿದ್ದ ಮುದ್ರೆ ಮಾತ್ರ ಅವನ ಹೆಸರಿನದು.

ಇಪ್ಪತ್ತೆರಡು ತುಂಬುವಷ್ಟರಲ್ಲಿ, ಕೇಳಿಕೊಂಡು ಬಂದ ಗಂಡುಗಳನ್ನೆಲ್ಲ ಹೊವೀತಾ ವಾಪಸ್ ಕಳಿಸಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ, ಸ್ಟುಡಿಯೊದ ಬೋರ್ಡಿನ ಮೇಲೆ ತನ್ನ ಹೆಸರು. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ಆ ವರ್ಷ ಪಾದ್ರಿಗಳು ಮಕ್ಕಳ ಮೊದಲ ಪ್ರಸಾದದ ದೊಡ್ಡ ಗುಂಪು ಫೋಟೊ ತೆಗೆಯಲು ಹೇಳಿದಾಗ ಮುದುಕ ಹಾಸಿಗೆ ಹಿಡಿದಿದ್ದ. ಅವಳೊಬ್ಬಳೇ ಚರ್ಚಿನ ಮುಂದೆ ಕ್ಯಾಮೆರಾ ನಿಲ್ಲಿಸಿ, ಅಷ್ಟೂ ತುಂಟ ಮಕ್ಕಳನ್ನು ಉಸಿರು ಬಿಡದಂತೆ ನಿಲ್ಲಿಸಿ ಫೋಟೊ ತೆಗೆದಳು. ಒಂದು ಮಗುವಿನ ರೆಪ್ಪೆ ಕೂಡ ಕದಲಿರಲಿಲ್ಲ. ಪಾದ್ರಿಗಳು ಮೆಚ್ಚಿದರು, ಊರಿನ ಹೆಂಗಸರೂ ಮೆಚ್ಚಿದರು, ಮುದುಕ ಕೊನೆಗೂ ಒಪ್ಪಿದ. ಹೊಸ ಬೋರ್ಡಿನ ಮೇಲೆ ಪೇಂಟರ್ ಅವನ ಹೆಸರಿನ ಕೆಳಗೆ ಅವಳ ಹೆಸರನ್ನೂ ಅಷ್ಟೇ ದೊಡ್ಡ ನೀಲಿ ಅಕ್ಷರದಲ್ಲಿ ಬರೆದ. ಬಣ್ಣ ಒಣಗಲೆಂದು ಬೋರ್ಡನ್ನು ಹಿತ್ತಿಲ ಗೋಡೆಗೆ ಒರಗಿಸಿದ್ದರು. ಭಾನುವಾರ ಅದನ್ನು ಬಾಗಿಲ ಮೇಲೆ ಏರಿಸುವುದಿತ್ತು.

ಅದೇ ವಾರ ರೈಲು ಸೇತುವೆ ಸುಟ್ಟುಹೋಯಿತು. ಇದು ಹತ್ತೊಂಬತ್ತು ನೂರ ಹದಿಮೂರರ ಮಾತು. ಅದನ್ನು ಸುಟ್ಟ ದಂಗೆಯವರ ಗುಂಪಿಗೆ ನಾಯಕ ನಬೋರ್, ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಬೆಟ್ಟ ದಾಟುತ್ತಿದ್ದ ವ್ಯಾಪಾರಿ. ಅವನು ನನ್ನ ಮೊಮ್ಮಗನ ಪದ್ರೀನೊ, ಧರ್ಮದ ತಂದೆ. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವನು ಅವನೇ, ಹಾಗಾಗಿ ರಕ್ತಸಂಬಂಧಕ್ಕಿಂತ ಹೆಚ್ಚು. ಅವನ ಬಲಗೆನ್ನೆಯ ಮೇಲೆ ಒಂದು ಹಳೆಯ ಚಾಕುವಿನ ಗಾಯ. ದೀಕ್ಷಾಸ್ನಾನಕ್ಕೆ ಅವನು ತೊಟ್ಟಿದ್ದ ಕಪ್ಪು ಕೋಟು ನಾನೇ ಹೊಲಿದದ್ದು. ಚರ್ಚಿನಿಂದ ಎಲ್ಲರಂತೆ ನೇರವಾಗಿ ಸ್ಟುಡಿಯೊಗೆ ಹೋಗಿ, ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡಿದ್ದ.

ಸರ್ಕಾರದ ಸೈನ್ಯ ಊರೊಳಗೆ ಬಂದ ದಿನ ನಮ್ಮ ಮನೆಯಲ್ಲಿದ್ದ ಆ ಫೋಟೊವನ್ನು ನಾನು ಒಲೆಗೆ ಹಾಕಿದೆ. ಇನ್ನು ಯಾರ ಕೈಗೂ ಅವನ ಮುಖ ಸಿಗುವುದಿಲ್ಲ ಎಂದುಕೊಂಡೆ. ಆದರೆ ಕ್ಯಾಪ್ಟನ್ ಅರ್ರಿಯಾಗಾ ದಡ್ಡನಾಗಿರಲಿಲ್ಲ. ಅವನು ಮನೆಮನೆ ಹುಡುಕಲಿಲ್ಲ, ನೇರವಾಗಿ ಸ್ಟುಡಿಯೊಗೆ ಹೋದ. ಈ ದೇಶದಲ್ಲಿ ಫೋಟೊ ತೆಗೆಸಿಕೊಳ್ಳದೆ ಯಾರೂ ಪದ್ರೀನೊ ಆಗುವುದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು. ಹಳೆಯ ಪ್ಲೇಟುಗಳೆಲ್ಲ ಒಡೆದುಹೋಗಿವೆ ಎಂದು ಹೇಳಲು ಹೊವೀತಾ ಬಾಯಿ ತೆರೆಯುವುದರೊಳಗೆ ಮುದುಕ ಮಧ್ಯೆ ಬಾಯಿ ಹಾಕಿದ.

"ಈ ಅಂಗಡೀಲಿ ತೆಗೆದ ಒಂದು ಪ್ಲೇಟೂ ಹಾಳಾಗಿಲ್ಲ ಕ್ಯಾಪ್ಟನ್," ಎಂದ. "ನನ್ನ ಮದುವೆ ವರ್ಷದಿಂದ ಇಟ್ಟಿದೀನಿ. ಯಾರದು ಬೇಕು ಹೇಳಿ."

ಗೋಡೆಯ ಈಚೆ ನಾನು ಎಲ್ಲವನ್ನೂ ಕೇಳುತ್ತಿದ್ದೆ. ಮುದುಕನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಯಾರು ಬಂದು ಕೇಳಿದರೂ ಹೀಗೇ ಬೀಗುವುದು ಅವನ ಅಭ್ಯಾಸ. ಅಂಗಡಿಯ ಮರ್ಯಾದೆ ಎಂದರೆ ಅವನಿಗೆ ಮಿಕ್ಕದ್ದೆಲ್ಲ ಮರೆತುಹೋಗುತ್ತಿತ್ತು.

ಪ್ಲೇಟು ಸಿಕ್ಕಿತು. ಎಲ್ಲ ಕಾವಲು ಠಾಣೆಗಳಿಗೂ ಕಳಿಸುವಷ್ಟು ಪ್ರಿಂಟು ಸಂಜೆಯೊಳಗೆ ಆಗಬೇಕೆಂದು ಕ್ಯಾಪ್ಟನ್ ಆಜ್ಞೆ ಮಾಡಿದ. ಪ್ಲೇಟು ಒಡೆದರೆ, ಕಳೆದರೆ, ಅದರ ಮೇಲೆ ಒಂದು ಗೀರು ಬಿದ್ದರೆ ನಬೋರನ ಬದಲು ಮುದುಕನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸುತ್ತೇನೆ ಎಂದೂ ಹೇಳಿದ. ಅವನು ಕೂಗಾಡಲಿಲ್ಲ, ಊಟಕ್ಕೆ ಏನು ಬೇಕೆಂದು ಹೇಳುವಷ್ಟು ಸಲೀಸಾಗಿ ಹೇಳಿದ.

ಪ್ರಿಂಟು ತೆಗೆಯುವುದು ಹಿತ್ತಿಲ ಬಿಸಿಲಿನಲ್ಲಿ. ಮರದ ಚೌಕಟ್ಟಿನಲ್ಲಿ ಗಾಜು ಇಟ್ಟು, ಅದರ ಮೇಲೆ ಕಾಗದ ಇಟ್ಟು, ಬಿಗಿದು ಬಿಸಿಲಿಗೆ ಹಿಡಿಯಬೇಕು. ಗಾಜಿನ ಒಂದು ಮೈಗೆ ಮಾತ್ರ ಚಿತ್ರ ಹಿಡಿದ ಲೇಪವಿರುತ್ತದೆ. ಆ ಮೈ ಕಾಗದಕ್ಕೆ ತಾಗಿರಬೇಕು. ಒಬ್ಬ ಸಿಪಾಯಿ ಬಂದೂಕು ತೊಡೆಯ ಮೇಲಿಟ್ಟುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ನೀರು ಸೇದುವ ನೆಪದಲ್ಲಿ ಅಲ್ಲೇ ಇದ್ದೆ. ಹೊವೀತಾಳ ಕೈ ಚೌಕಟ್ಟಿನ ಮೇಲೆ ಒಂದು ಕ್ಷಣ ನಿಂತದ್ದನ್ನು ನೋಡಿದೆ. ಆಮೇಲೆ ಅವಳು ಎಂದಿನ ಹಾಗೆ ಕೆಲಸ ಮಾಡಿದಳು.

ತೊಳೆದ ಪ್ರಿಂಟುಗಳನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿದಾಗ ಕ್ಯಾಪ್ಟನ್ ಬಂದು ಹತ್ತಿರದಿಂದ ನೋಡಿದ. ಮಂಜುಮಂಜಾಗಿದೆಯಲ್ಲ ಎಂದ. ತೋಳಿನಲ್ಲಿದ್ದ ಮಗು ಅಲುಗಾಡಿತ್ತು, ಅದಕ್ಕೆ ಮನುಷ್ಯನೂ ಅಲುಗಾಡಿದ ಎಂದಳು ಹೊವೀತಾ. ನನ್ನ ಮೊಮ್ಮಗ ಆ ದಿನ ಕಲ್ಲಿನಂತೆ ನಿದ್ದೆ ಮಾಡಿದ್ದ. ನಮ್ಮ ಮನೆಯಲ್ಲಿದ್ದ ಫೋಟೊದಲ್ಲಿ ಅವನ ಟೋಪಿಯ ಹೊಲಿಗೆ ಕೂಡ ಎಣಿಸಬಹುದಿತ್ತು. ಇವಳೇಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ಕತ್ತು ಉದ್ದ ಮಾಡಿ ನೋಡಿದೆ. ನೋಡಿದವಳು ಕೊಡ ಗಟ್ಟಿಯಾಗಿ ಹಿಡಿದುಕೊಂಡೆ.

ನಬೋರನ ಕೋಟಿಗೆ ನಾನು ಗುಂಡಿ ಹೊಲಿದದ್ದು ಬಲಗಡೆಗೆ, ಎಲ್ಲ ಗಂಡಸರ ಕೋಟಿನಂತೆ. ಹಗ್ಗದ ಮೇಲಿದ್ದ ನಬೋರನಿಗೆ ಗುಂಡಿಗಳು ಎಡಗಡೆಗಿದ್ದವು, ಹೆಂಗಸರ ರವಿಕೆಯಂತೆ. ಅವಳು ಗಾಜನ್ನು ತಿರುವಿ ಇಟ್ಟಿದ್ದಳು. ಬಲಗೆನ್ನೆಯ ಗಾಯ ಎಡಗೆನ್ನೆಗೆ ಹೋಗಿತ್ತು. ಲೇಪಕ್ಕೂ ಕಾಗದಕ್ಕೂ ನಡುವೆ ಗಾಜಿನ ದಪ್ಪ ಬಂದದ್ದರಿಂದಲೇ ಮುಖ ಮಂಜಾಗಿತ್ತು.

"ಎಡಗೆನ್ನೆ," ಎಂದ ಕ್ಯಾಪ್ಟನ್ ತನ್ನ ಸಾರ್ಜೆಂಟಿಗೆ. "ಎಲ್ಲಾ ಠಾಣೆಗೂ ಹೇಳು. ಎಡಗೆನ್ನೇಲಿ ಗಾಯ ಇರೋನು."

ಅವರು ಹೋದ ಮೇಲೆ ಬಾವಿಯ ಹತ್ತಿರ ಹೊವೀತಾ ನನ್ನ ಮುಖ ನೋಡಿದಳು. ಗುಂಡಿ ನೋಡಿದೆ ಎಂದು ಮೆಲ್ಲಗೆ ಹೇಳಿದೆ. ಅವಳಿಗೆ ಭಯವಾಗಿತ್ತು, ಆದರೆ ಅವಳು ಮಾತಾಡಿದ್ದು ಭಯದ ಬಗ್ಗೆ ಅಲ್ಲ. ಇಷ್ಟು ಕೆಟ್ಟ ಪ್ರಿಂಟು ತನ್ನ ಕೈಯಿಂದ ಹೊರಗೆ ಹೋದದ್ದು ಇದೇ ಮೊದಲು ಎಂದಳು. ನನಗೆ ನಗುವೂ ಬಂತು, ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು.

ನಬೋರ್ ಉಪ್ಪಿನ ಮೂಟೆ ಹೇರಿಕೊಂಡು ಗುರುವಾರ ಮಧ್ಯಾಹ್ನ ಕಣಿವೆಯ ಠಾಣೆ ದಾಟಲಿದ್ದಾನೆ ಎಂದು ನನಗೆ ಸುದ್ದಿ ಬಂದಿತ್ತು. ದಾಟಿದರೆ ದಂಗೆಯವರ ಕೈಯಲ್ಲಿದ್ದ ಉತ್ತರ ಸೇರಿದಂತೆಯೇ. ಅದನ್ನು ಹೊವೀತಾಗೂ ಹೇಳಿದ್ದೆ. ಗುರುವಾರ ಬೆಳಿಗ್ಗೆ ನಾವಿಬ್ಬರೂ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಹೊರಗೆ ಬಂದಾಗ ಚೌಕದಲ್ಲಿ ಜನ ಸೇರಿದ್ದರು. ವಾದ್ಯದವರು ಕೂರುವ ಮಂಟಪದ ಕಂಬಕ್ಕೆ ಒಬ್ಬ ಮನುಷ್ಯನನ್ನು ಕಟ್ಟಿದ್ದರು. ಅವನು ತ್ರಾಂಕಿಲೀನೊ.

ಅವನ ಎಡಗೆನ್ನೆಯ ಮೇಲೆ ರೊಟ್ಟಿ ಒಲೆಯ ಕಬ್ಬಿಣದ ಬಾಗಿಲು ತಾಗಿ ಆದ ಉದ್ದನೆಯ ಸುಟ್ಟ ಗಾಯವಿತ್ತು. ಮೀಸೆಯೂ ನಬೋರನದೇ ಥರ. ಅವನೂ ಆ ಬೆಟ್ಟದ ಕಡೆಯಿಂದಲೇ ಬಂದವನು. ಅಲ್ಲಿನ ಗಂಡಸರಿಗೆಲ್ಲ ಒಂದೇ ಮೂಗು. ಫೋಟೊ ಸ್ಪಷ್ಟವಾಗಿದ್ದಿದ್ದರೆ ಯಾರೂ ಇಬ್ಬರನ್ನೂ ಒಬ್ಬನೆನ್ನುತ್ತಿರಲಿಲ್ಲ. ಆ ಮಂಜಿನಲ್ಲಿ ಅವನೇ ಇವನಾಗಿಬಿಟ್ಟಿದ್ದ.

ಪಾದ್ರಿಗಳು ಹೋಗಿ ಹೇಳಿದರು. ತ್ರಾಂಕಿಲೀನೊನ ಹೆಂಡತಿ ಯುಫ್ರೋಸೀನಾ ಮಗಳನ್ನು ಎಳೆದುಕೊಂಡು ಹೋಗಿ ಕ್ಯಾಪ್ಟನ್ನನ ಬೂಟು ಹಿಡಿದಳು. ನಾವೆಲ್ಲ ಹೇಳಿದೆವು, ಇವನು ರೊಟ್ಟಿ ಮಾಡುವವನು, ಬೆಳಗಾದರೆ ಇವನ ಮುಖವನ್ನೇ ನೋಡುತ್ತೇವೆ ಎಂದು. ಕ್ಯಾಪ್ಟನ್ ನಮ್ಮ ಮಾತಿಗೆ ಕಿವಿಗೊಡಲಿಲ್ಲ. ಇಷ್ಟು ದಿನ ಇದೇ ಬಾಯಿಗಳು ನಬೋರ್ ಯಾರೆಂದೇ ಗೊತ್ತಿಲ್ಲ ಎಂದಿದ್ದವಲ್ಲ, ಅದನ್ನೇ ತಿರುಗಿ ನಮಗೆ ಹೇಳಿದ. ಮಧ್ಯಾಹ್ನದ ನಿದ್ದೆಯಾದ ಮೇಲೆ, ಐದು ಗಂಟೆಗೆ, ಸ್ಮಶಾನದ ಗೋಡೆ ಎಂದು ತೀರ್ಪಾಯಿತು.

ಹೊವೀತಾ ಸ್ಟುಡಿಯೊಗೆ ಹೋಗಿ ಆ ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಅವಳೆದುರು ಕೂತೆ. ನಿಜ ಹೇಳಿದರೆ ಕ್ಯಾಪ್ಟನ್ನನ ಸವಾರ ಕಣಿವೆಗೆ ಓಡುತ್ತಾನೆ, ನಬೋರ್ ಅಲ್ಲೇ ಸಿಕ್ಕಿಬೀಳುತ್ತಾನೆ. ಹೇಳದಿದ್ದರೆ ತ್ರಾಂಕಿಲೀನೊ ಸಾಯುತ್ತಾನೆ. ಕಿಟಕಿಯಿಂದ ಚೌಕ ಕಾಣುತ್ತಿತ್ತು. ಬಿಸಿಲು ಏರಿದ ಹಾಗೆ ತ್ರಾಂಕಿಲೀನೊನ ತಲೆ ಎದೆಗೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಯುಫ್ರೋಸೀನಾ ನೀರು ಕೊಡಲು ಹೋದರೆ ಸಿಪಾಯಿ ತಡೆಯುತ್ತಿದ್ದ.

"ನಬೋರನ ಹೇಸರಗತ್ತೆ ಎಷ್ಟೊತ್ತಿಗೆ ದಾಟ್ತವೆ?" ಎಂದು ಹೊವೀತಾ ಕೇಳಿದಳು.

"ಎರಡರ ಮೇಲೆ ಆಗುತ್ತೆ ಮಗಳೇ. ಹೆಚ್ಚುಕಡಿಮೆ."

"ಹಂಗಾದ್ರೆ ಮೂರು ಹೊಡೀಲಿ," ಎಂದಳು.

ನಾನು ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ನಬೋರ್ ನನ್ನವನು. ತ್ರಾಂಕಿಲೀನೊನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಆದರೆ ಯಾರನ್ನೂ ಹಾಗೆ ಬಿಸಿಲಿಗೆ ಕಟ್ಟಬಾರದು. ಚರ್ಚಿನ ಗಡಿಯಾರ ಒಂದು ಹೊಡೆಯಿತು. ಎರಡು ಹೊಡೆಯಲು ಒಂದು ವರ್ಷ ಹಿಡಿಯಿತು. ಹೊವೀತಾಳ ಬೆರಳು ಗಾಜಿನ ಅಂಚಿನ ಮೇಲೆ ಹೋಗಿ ಬರುತ್ತಲೇ ಇತ್ತು, ರಕ್ತ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ. ಮೂರು ಹೊಡೆದಾಗ ಎದ್ದು ಪ್ಲೇಟನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಟಳು. ಮುದುಕನನ್ನು ಕೈಹಿಡಿದು ಕರೆದುಕೊಂಡು ನಾನು ಹಿಂದೆ ಹೋದೆ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಅವನು ಕೋಲನ್ನು ಜೋರಾಗಿ ಕುಟ್ಟುತ್ತಾ ನಡೆದ.

ಪುರಭವನದಲ್ಲಿ ಕ್ಯಾಪ್ಟನ್ ನಿದ್ದೆಯಿಂದ ಎದ್ದು ಕಾಫಿ ಕುಡಿಯುತ್ತಿದ್ದ. ಬಾಗಿಲ ತುಂಬ ಜನ. ಹೊವೀತಾ ಅವನ ಮೇಜಿನ ಮುಂದೆ ನಿಂತು ಅಳತೊಡಗಿದಳು. ಅಪ್ಪ ಅಮ್ಮ ಹೋದಾಗಲೂ ಅವಳು ಜನರೆದುರು ಅತ್ತವಳಲ್ಲ. ಆ ದಿನ ಮೂಗು ಸೋರಿಸಿಕೊಂಡು, ಬಿಕ್ಕುತ್ತಾ, ಪೆದ್ದು ಹುಡುಗಿಯ ಹಾಗೆ ಅತ್ತಳು. ತಪ್ಪಾಗಿಹೋಯಿತು, ಗಾಜನ್ನು ಹಿಂದುಮುಂದಾಗಿ ಇಟ್ಟುಬಿಟ್ಟೆ, ಈಗಷ್ಟೇ ಗೊತ್ತಾಯಿತು ಎಂದಳು. ಪ್ಲೇಟು ಬಿಚ್ಚಿ, ಪ್ರಿಂಟಿನ ಪಕ್ಕ ಹಿಡಿದು, ಗುಂಡಿಗಳನ್ನು ತೋರಿಸಿದಳು.

ಕ್ಯಾಪ್ಟನ್ ಪ್ರಿಂಟು ನೋಡಿದ. ತಲೆ ಬಗ್ಗಿಸಿ ತನ್ನ ಅಂಗಿಯ ಗುಂಡಿಗಳನ್ನು ನೋಡಿಕೊಂಡ. ಮತ್ತೆ ಪ್ರಿಂಟು ನೋಡಿದ. ಕಾಫಿ ಬಟ್ಟಲನ್ನು ಬಹಳ ಮೆಲ್ಲಗೆ ಕೆಳಗಿಟ್ಟ.

"ತಪ್ಪೋ? ಬೇಕಂತ ಮಾಡಿದ್ದೋ?" ಎಂದು ಕೇಳಿದ.

ಹೊವೀತಾ ಅಳುತ್ತಲೇ ಇದ್ದಳು. ಅವಳಿಂದ ಉತ್ತರ ಬರುವುದಿಲ್ಲ ಎಂದು ಕಂಡು ಅವನು ಮುದುಕನ ಕಡೆ ತಿರುಗಿದ. ಚರ್ಚಿನ ಮುಂದಿನ ಆ ಗುಂಪು ಫೋಟೊ ನಾನೂ ನೋಡಿದ್ದೇನೆ, ಅದನ್ನು ತೆಗೆದವಳು ಇಂಥ ತಪ್ಪು ಮಾಡುತ್ತಾಳೆಯೇ ಎಂದು ಕೇಳಿದ. ಆ ಮುದುಕ ಬದುಕಿನಲ್ಲಿ ಒಂದು ಸಲವೂ ತನ್ನ ಅಂಗಡಿಯನ್ನು ಬಿಟ್ಟುಕೊಟ್ಟವನಲ್ಲ. ಅವನು ಬಾಯಿ ಬಿಟ್ಟರೆ ಮತ್ತೆ ಬೀಗಿಬಿಡುತ್ತಾನೆ ಎಂದು ನಾನು ಅವನ ತೋಳು ಚಿವುಟಲು ಕೈ ಹಾಕಿದೆ.

"ಅದು ನಾನು ತೆಗೆದಿದ್ದು," ಎಂದ ಮುದುಕ. "ಇವಳು ಎಲ್ಲಾ ಹಾಳು ಮಾಡ್ತಾಳೆ ಕ್ಯಾಪ್ಟನ್. ಯಾವಾಗ್ಲೂ ಹಿಂಗೇ. ತಬ್ಬಲಿ ಅಂತ ಇಟ್ಕೊಂಡಿದೀನಿ, ಹೊರಗೆ ಹೇಳಿದ್ರೆ ನನ್ನ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಟ್ಟಿದ್ದೆ. ಹೆಂಗಸು. ಎಷ್ಟು ಹೇಳಿಕೊಟ್ರೂ ತಲೇಗೆ ಹತ್ತಲ್ಲ."

ಹೊವೀತಾಳ ಅಳು ಒಂದು ಕ್ಷಣ ನಿಂತಿತು. ಆಮೇಲೆ ಬಂದ ಅಳು ನಟನೆಯದಲ್ಲ.

ಕ್ಯಾಪ್ಟನ್ ನಕ್ಕ. ಅವನು ನಕ್ಕದ್ದಕ್ಕೆ ಸಿಪಾಯಿಗಳು ನಕ್ಕರು, ಬಾಗಿಲಲ್ಲಿದ್ದ ಊರಿನವರೂ ನಕ್ಕರು. ಪ್ಲೇಟು ಕಿತ್ತುಕೊಂಡು ಸವಾರನನ್ನು ಕಣಿವೆಗೆ ಓಡಿಸಿದ. ಟೆಲಿಗ್ರಾಫ್ ತಂತಿಯ ಕಂಬಗಳನ್ನು ನಬೋರನ ಗುಂಪೇ ಉರುಳಿಸಿತ್ತು, ಕುದುರೆ ಹೋಗಿ ಸೇರುವಷ್ಟರಲ್ಲಿ ಕತ್ತಲಾಗಬೇಕಿತ್ತು. ಇನ್ನು ಮುಂದೆ ಈ ಊರಿನಲ್ಲಿ ಈ ಹೆಂಗಸು ಕ್ಯಾಮೆರಾ ಮುಟ್ಟಿದರೆ ಅಂಗಡಿಗೆ ಬೀಗ ಎಂದು ಹೇಳಿ ತ್ರಾಂಕಿಲೀನೊನ ಕಟ್ಟು ಬಿಚ್ಚಿಸಿದ.

ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಮಂಟಪದಿಂದ ಇಳಿದ. ತುಟಿ ಒಡೆದಿತ್ತು. ತನ್ನನ್ನು ಬಿಟ್ಟದ್ದು ಯಾಕೆಂದು ಯಾರೋ ಹೇಳಿದರು. ಅವನು ಹೊವೀತಾಳನ್ನು ನೋಡಿದ.

"ನಾನು ಹೇಳ್ತಿರಲಿಲ್ವಾ?" ಎಂದ. "ಹೆಂಗಸಿನ ಕೈಗೆ ಕ್ಯಾಮೆರಾ ಕೊಡಬೇಡಿ ಅಂತ. ಇನ್ನೊಂದು ಸ್ವಲ್ಪದಲ್ಲಿ ನನ್ನ ಹೆಣಾನೇ ಬೀಳ್ತಿತ್ತು."

ಸಾವಿನ ಬಾಯಿಂದ ಬಂದವನು, ಏನೋ ಒಂದು ಆಡಬೇಕಲ್ಲ ಎಂದು ಆಡಿದ, ಬಿಟ್ಟುಬಿಡು ಎಂದು ಪಾದ್ರಿಗಳು ಆಮೇಲೆ ನನಗೆ ಹೇಳಿದರು. ನಾನು ಇಂದಿಗೂ ಬಿಟ್ಟಿಲ್ಲ.

ಅದೇ ಸಂಜೆ ಮುದುಕ ತಾನೇ ಸುಣ್ಣದ ಬಕೀಟು ತಂದು, ತಡಕಾಡುತ್ತಾ, ಬೋರ್ಡಿನ ಮೇಲಿದ್ದ ಅವಳ ಹೆಸರಿಗೆ ಬಳಿದ. ಕಣ್ಣು ಕಾಣದೆ ತನ್ನ ಹೆಸರಿಗೂ ಅರ್ಧ ಬಳಿದಿದ್ದ. ರಾತ್ರಿ ಊಟ ಬೇಡವೆಂದ. ಹೊವೀತಾ ಬಟ್ಟಲು ಹಿಡಿದು ಚಿಕ್ಕಮಗುವಿಗೆ ಕುಡಿಸುವ ಹಾಗೆ ಸಾರು ಕುಡಿಸಿದ್ದು ಗೋಡೆಯ ಈಚೆಗೆ ನನಗೆ ಕೇಳುತ್ತಿತ್ತು. ಅವರಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ನಬೋರ್ ಎರಡೂವರೆಗೆ ಠಾಣೆ ದಾಟಿದ್ದನಂತೆ. ಕಾವಲಿನವರು ಅವನ ಎಡಗೆನ್ನೆ ನೋಡಿ, ಉಪ್ಪು ಒಂದು ಹಿಡಿ ಕೇಳಿ ತೆಗೆದುಕೊಂಡು, ಹೋಗು ಎಂದರಂತೆ. ಸುದ್ದಿ ತಿಂಗಳ ಮೇಲೆ ಬಂತು. ಯುದ್ಧ ಮುಗಿದ ಮೇಲೆ ಅವನೂ ಬಂದ. ಈಗ ಮೊಮ್ಮಗನಿಗೆ ಪ್ರತಿ ಹಬ್ಬಕ್ಕೂ ಚಪ್ಪಲಿ ತಂದುಕೊಡುತ್ತಾನೆ.

ಸೈನ್ಯ ಊರು ಬಿಟ್ಟ ಮೇಲೂ ಹೊವೀತಾಳ ಹತ್ತಿರ ಊರಿನವರು ಯಾರೂ ಬರಲಿಲ್ಲ. ಗಾಜು ತಿರುವಿ ಇಡುವವಳು ಎನ್ನುವ ಹೆಸರು ಅಂಟಿಕೊಂಡಿತ್ತು. ಅವಳು ಕ್ಯಾಮೆರಾವನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಬೆಟ್ಟದ ಹಳ್ಳಿಗಳಿಗೆ ಹೋದಳು. ಅಲ್ಲಿ ತ್ರಾಂಕಿಲೀನೊನ ತಮಾಷೆ ತಲುಪಿರಲಿಲ್ಲ. ಮದುವೆ, ದೀಕ್ಷಾಸ್ನಾನ, ಸತ್ತ ಕೂಸು, ಹೊಸ ಹೋರಿ, ಎಲ್ಲವನ್ನೂ ತೆಗೆದು ಕೆಳಗೆ ತನ್ನ ಹೆಸರಿನ ಮುದ್ರೆ ಒತ್ತಿದಳು. ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದಾಗ ಕೈಯೆಲ್ಲ ಕಪ್ಪು, ಮೈಯೆಲ್ಲ ಧೂಳು. ಆ ಹಳ್ಳಿಯವರು ನಮ್ಮೂರಿಗೆ ಬಂದರೆ ಅವಳ ಹೆಸರು ಹೇಳಿ ಸ್ಟುಡಿಯೊ ಕೇಳುತ್ತಿದ್ದರು. ಬೋರ್ಡಿನ ಮೇಲೆ ಆ ಹೆಸರು ಕಾಣದೆ ಬೀದಿಯಲ್ಲಿ ಸುತ್ತುತ್ತಿದ್ದರು.

ಹೋದ ವರ್ಷ ತ್ರಾಂಕಿಲೀನೊನ ಮಗಳ ಮದುವೆಯಾಯಿತು. ಪಕ್ಕದ ಪೇಟೆಯಿಂದ ಬರಬೇಕಿದ್ದ ಫೋಟೊದವನು ಕುಡಿದು ಮಲಗಿದ್ದನಂತೆ, ಬೇರೆ ದಾರಿ ಇಲ್ಲದೆ ಮದುವೆಯವರೆಲ್ಲ ಹೊವೀತಾಳ ಬಾಗಿಲಿಗೆ ಬಂದರು. ಮದುಮಗಳ ಲಂಗದ ಅಂಚು ಬಿಚ್ಚಿತ್ತು, ಹೊಲಿಯಲು ನನ್ನನ್ನೂ ಕರೆದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೆಲದ ಮೇಲೆ ಕೂತಿದ್ದೆ. ತ್ರಾಂಕಿಲೀನೊ ಕುರ್ಚಿಯಲ್ಲಿ ಕೂತು, ಅಳಿಯನಿಗೂ ಬೀಗರಿಗೂ ಕೇಳುವ ಹಾಗೆ, ಈ ಸಲ ಗಾಜು ಸರಿಯಾಗಿ ಇಡಮ್ಮ, ಇಲ್ಲದಿದ್ದರೆ ನನ್ನ ಮಗಳನ್ನು ಎಡಗೈಯಿಂದ ಒಪ್ಪಿಸಿಕೊಟ್ಟೆ ಅನ್ನುತ್ತಾರೆ ಎಂದ. ಎಲ್ಲರೂ ನಕ್ಕರು. ಹೊವೀತಾ ಅವನ ಗದ್ದಕ್ಕೆ ಎರಡು ಬೆರಳು ಹಚ್ಚಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಆ ಸುಟ್ಟ ಗಾಯದ ಮೇಲೆ ಬೆಳಕು ಬಿದ್ದಾಗ ಅವಳ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಇನ್ನು ಯಾರ ಭಯ ನಿನಗೆ, ಸೈನ್ಯ ಹೋಯಿತು, ನಬೋರ್ ಬೀದಿಯಲ್ಲೇ ಓಡಾಡುತ್ತಿದ್ದಾನೆ, ಅವನೂ ಹೇಳಿಬಿಡಲು ಎಷ್ಟು ಸಲ ಕೇಳಿದ್ದಾನೆ, ಒಂದು ಮಾತು ಹೇಳಿದರೆ ಆ ರೊಟ್ಟಿಯವನು ದಿನಾ ನಿನ್ನ ಬಾಗಿಲಿಗೆ ಬಂದು ಕೈಮುಗಿಯುತ್ತಾನೆ ಎಂದು ಕೂಗಾಡಿದೆ.

ಹೊವೀತಾ ಪ್ಲೇಟು ತೊಳೆಯುತ್ತಿದ್ದಳು.

"ಅವನನ್ನ ಆ ಕಂಬಕ್ಕೆ ಕಟ್ಟಿಸಿದ್ದೇ ನಾನಲ್ವಾ, ದೋನ್ಯಾ ಕುಕಾ," ಎಂದಳು. "ಬೆಳಿಗ್ಗೇನೇ ಹೋಗಬಹುದಿತ್ತು. ಮೂರು ಹೊಡೀಲಿ ಅಂತ ಕೂತಿದ್ದೆ. ಆಗ ಅವನು ಆಚೆ ನೀರು ನೀರು ಅಂತಿದ್ದ. ಅವನ ಕೈಲಿ ಕೈ ಮುಗಿಸ್ಕೊಳ್ಳೋಕೆ ನಂಗೆ ಆಗಲ್ಲ. ನಗಲಿ ಬಿಡಿ. ನಕ್ಕರೆ ತಡ್ಕೋಬಹುದು."

ಅವಳು ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿದಳು. ಒಂದು ಕೂದಲೂ ಕದಲಿರಲಿಲ್ಲ.

ಮಗಳ ಮದುವೆಯ ಆ ಫೋಟೊಗೆ ಈಗ ತ್ರಾಂಕಿಲೀನೊ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ್ದಾನೆ. ಕೆಳಗೆ ಹೊವೀತಾಳ ಹೆಸರಿನ ಮುದ್ರೆ ಇದೆ. ಬಂದವರಿಗೆಲ್ಲ ಕೋಟಿನ ಗುಂಡಿ ತೋರಿಸಿ, ನೋಡಿ, ಈ ಸಲ ಸರಿಯಾಗಿ ಇಟ್ಟಿದ್ದಾಳೆ ಎನ್ನುತ್ತಾನೆ. ಜನ ನಗುತ್ತಾರೆ. ನಾನು ನಗುವುದಿಲ್ಲ, ನಿನ್ನೆಯ ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬರುತ್ತೇನೆ.